ಕಲಬೆರಕೆ ತಡೆದ ಮಹನೀಯರಿಗೆ

ಮಾನ್ಯ ಗುಣಮಟ್ಟ ಅಧಿಕಾರಿಗಳೇ,

ರಕ್ತದಲ್ಲಿ ಔಷಧ ಎಷ್ಟಿದೆಯೆಂದು ಅಳೆಯುವ ನಮ್ಮ ಆಸ್ಪತ್ರೆಯ ಕ್ರೊಮ್ಯಾಟೋಗ್ರಫಿ ಕೋಣೆಗೆ ಬೂಟುಗಾಲಿನಲ್ಲೇ ಪಾದ ಬೆಳೆಸಿ, ನಮ್ಮನ್ನು ಉದ್ಧರಿಸಿದ ತಮಗೆ ಪ್ರಯೋಗಾಲಯದ ಈ ಕೆಲಸದಾಕೆಯ ಅನಂತ ನಮಸ್ಕಾರಗಳು.

"ರೋಗಿಯ ರಕ್ತಕ್ಕೆ ಬೇರೆ ಏನನ್ನೋ ಹಾಕ್ತಿದ್ದೀರಲ್ಲ, ಇದು ಕಲಬೆರಕೆ ಅಲ್ವೇನ್ರೀ?" ಎಂದು ತಾವು ಕೇಳಿದ್ದು ಇನ್ನೂ ಕಿವಿಯಲ್ಲಿದೆ. ನಾವು ಹಾಕುತ್ತಿದ್ದುದು ಇಂಟರ್ನಲ್ ಸ್ಟ್ಯಾಂಡರ್ಡ್. ಔಷಧದಂತೆಯೇ ವರ್ತಿಸುವ, ಆದರೆ ರೋಗಿ ನುಂಗದ ಒಂದು ವಸ್ತುವನ್ನು ಪ್ರತಿ ಮಾದರಿಗೂ ಒಂದೇ ಅಳತೆಯಲ್ಲಿ ಬೆರೆಸುತ್ತೇವೆ. ಸೋಸುವಾಗ ಚೆಲ್ಲಿದರೂ, ಯಂತ್ರ ಕಡಿಮೆ ಹೀರಿದರೂ ಎರಡೂ ಒಟ್ಟಿಗೇ ಕುಗ್ಗುವುದರಿಂದ, ಅವುಗಳ ಅನುಪಾತ ನೋಡಿದರೆ ಔಷಧ ನಿಜಕ್ಕೂ ಎಷ್ಟಿತ್ತೆಂದು ತಿಳಿಯುತ್ತದೆ. ಇಂಥ ಕ್ಷುಲ್ಲಕ ವಿವರ ಕೇಳಿ ಕಾಲ ಹಾಳುಮಾಡದೆ ತಾವು, ಇನ್ನು ಮುಟ್ಟಕೂಡದೆಂದು ಅದರ ಬಾಟಲಿಯನ್ನು ಬೀರುವಿಗೆ ಸೇರಿಸಿದಿರಿ.

ಅದಾದ ಮೇಲೆ ಒಬ್ಬ ದರ್ಜಿಯ ರಕ್ತ ಬಂತು. ಫಿಟ್ಸ್ ಮಾತ್ರೆ ಮೈಯಲ್ಲಿ ಸಾಕಷ್ಟಿದೆಯೇ ಎಂದು ನೋಡಬೇಕಿತ್ತು. ಮಾದರಿ ಹೀರುವ ಯಂತ್ರದ ಸೂಜಿ ಅರೆಬರೆ ಕಟ್ಟಿಕೊಂಡಿತ್ತು. ಮಾದರಿ ಪರಮ ಪರಿಶುದ್ಧವಾದ್ದರಿಂದ ಅದನ್ನು ನಮಗೆ ಹೇಳುವಂಥದ್ದು ಏನೂ ಒಳಗಿರಲಿಲ್ಲ. ಔಷಧ ಅರ್ಧಕ್ಕರ್ಧ ಕಡಿಮೆ ಎಂದು ವರದಿ ಹೋಯಿತು. ಡಾಕ್ಟರು ಮಾತ್ರೆ ಹೆಚ್ಚಿಸಿದರು, ಮನೆಯಲ್ಲಿ ಸರಿಯಾಗಿ ಕೊಡುತ್ತಿಲ್ಲವೆಂದು ದರ್ಜಿಯ ಹೆಂಡತಿಯನ್ನು ಗದರಿದರು. ದರ್ಜಿಗೆ ಒಂದು ಎರಡಾಗಿ ಕಾಣತೊಡಗಿ, ಅಂಗಡಿಯ ಮೆಟ್ಟಿಲ ಮೇಲೆ ಜೋಲಿ ತಪ್ಪಿ ಬಿದ್ದು, ಕತ್ತರಿ ಹಿಡಿಯುವ ಕೈಯೇ ಮುರಿಯಿತು.

ಆಕೆ ನಮ್ಮ ಕಿಟಕಿಗೆ ಬಂದು, "ಮಾತ್ರೆ ನಾನೇ ಎದುರು ನಿಂತು ನುಂಗಿಸ್ತೀನಿ ಕಣಮ್ಮ. ನನ್ನನ್ನ ಸುಳ್ಳುಗಾತಿ ಮಾಡ್ಬಿಟ್ರಲ್ಲ" ಎಂದರು, ದನಿ ಏರಿಸಲಿಲ್ಲ. ಆ ಹೊತ್ತಿಗೆ ತಾವು ಶುದ್ಧತೆಯ ಕುರಿತು ಭಾಷಣ ಮಾಡಲು ಹೋಗಿದ್ದಿರಿ. ಬೀರುವಿನಿಂದ ಬಾಟಲಿ ತೆಗೆದು, ಮೊದಲ ಮಾದರಿಯಲ್ಲಿ ಉಳಿದಿದ್ದ ರಕ್ತಕ್ಕೆ ನಾನು ಕಲಬೆರಕೆ ಮಾಡಿಯೇಬಿಟ್ಟೆ. ಪರದೆಯ ಮೇಲೆ ಔಷಧದ ಗೆರೆಯೂ ಗಿಡ್ಡ, ಅದರ ಜೊತೆಗಾರನ ಗೆರೆಯೂ ಗಿಡ್ಡ; ಅಂದರೆ ಕಳ್ಳಾಟ ಸೂಜಿಯದು. ಅನುಪಾತದ ಪ್ರಕಾರ ದರ್ಜಿಯ ಮೈಯಲ್ಲಿ ಔಷಧ ಮೊದಲಿನಿಂದಲೂ ಸರಿಯಾಗಿಯೇ ಇತ್ತು.

ಡಾಕ್ಟರು ಮಾತ್ರೆ ಇಳಿಸಿದರು. ವಾರ್ಡಿಗೆ ಹೋಗಿ ಆಕೆಯ ಮುಂದೆ ನಿಂತು, "ತಪ್ಪು ನಿಮ್ಮದಲ್ಲಮ್ಮ, ನಮ್ಮದು" ಎಂದರು. ದರ್ಜಿಯ ಕಣ್ಣು ತಿಳಿಯಾಗಿದೆ. ಕೈ ಮೊದಲಿನಂತಾಗುವುದೇ ಎಂದು ಕೇಳಿದರೆ ಮೂಳೆ ಡಾಕ್ಟರು ಮಾತು ಮರೆಸುತ್ತಾರೆ.

ಶಿಸ್ತು ಮುರಿದ ನನಗೆ ತಾವು ನೋಟಿಸ್ ದಯಪಾಲಿಸಿದ್ದೀರಿ. ಅದನ್ನು ಕಣ್ಣಿಗೊತ್ತಿಕೊಂಡು ಒಂದೇ ವಿನಂತಿ: ಬಾಟಲಿ ಬೇಡವೆಂದಾದರೆ, ತಾವೇ ದಯಮಾಡಿ ಪ್ರತಿ ಮಾದರಿಯ ಜೊತೆ ಸೂಜಿಯೊಳಗೆ ಇಳಿದು, ಕೊನೆಯವರೆಗೂ ಹರಿದುಬಂದು, ದಾರಿಯಲ್ಲಿ ಎಷ್ಟು ಕಳೆಯಿತೆಂದು ನಮಗೆ ತಿಳಿಸಬೇಕು. ತಮ್ಮಲ್ಲಿ ಕಳೆದುಕೊಳ್ಳುವಂಥದ್ದೇನೂ ಇಲ್ಲವೆಂಬ ವದಂತಿಯನ್ನು ನಾನಂತೂ ನಂಬುವುದಿಲ್ಲ.

ಶಿಕ್ಷೆಯ ನಿರೀಕ್ಷೆಯಲ್ಲಿರುವ,
ತಮ್ಮ ವಿಶ್ವಾಸಿ ಕಲಬೆರಕೆಗಾರ್ತಿ

ಮರೆತ ಮಾತು: ತಮ್ಮ ಅತ್ತೆಯವರ ರಕ್ತವೂ ಈ ಬೆಳಿಗ್ಗೆ ಬಂದಿದೆ. ತಮ್ಮ ಮನೆಯವರು ಫೋನ್ ಮಾಡಿ, "ಅಮ್ಮಂದು ಸ್ವಲ್ಪ ನೀವೇ ಸರಿಯಾಗಿ ನೋಡಿ" ಎಂದರು. ಸರಿಯಾಗಿ ಎಂದರೆ ಯಾರ ಪ್ರಕಾರ ಎಂದು ಅವರನ್ನು ಕೇಳಲು ನನಗೆ ಧೈರ್ಯ ಸಾಲಲಿಲ್ಲ. ತಾವೇ ಅವರಿಗೆ ಒಂದು ಮಾತು ಹೇಳಿಬಿಡಿ.