ಹಲ್ಲಿನ ಹಿಸ್ಸೆ

ನಾನು ಮುಂಜಾಗ್ರತೆಯ ಮನುಷ್ಯ. ಆಕಾಶ ನಿರ್ಮಲವಾಗಿದ್ದರೆ, ಇದೇಕೆ ಇಷ್ಟು ನಿರ್ಮಲವಾಗಿದೆ ಎಂದು ಅನುಮಾನಪಟ್ಟು ಕೊಡೆ ಹಿಡಿದು ಹೊರಡುವವನು. ಆದ್ದರಿಂದ ಎಡಗಡೆಯ ಬುದ್ಧಿಹಲ್ಲು ನೋಯತೊಡಗಿದ ದಿನವೇ, ಬಲಗಡೆಯದೂ ನೋಯಬಹುದೆಂಬ ಚಿಂತೆಯನ್ನು ಶುರುಮಾಡಿಬಿಟ್ಟೆ.

ಆಗ ನಾನು ಹೊಸನಗರದಲ್ಲಿ ಸ್ಕೂಲ್ ಮೇಷ್ಟ್ರು. ಅಲ್ಲಿಯ ಡಾಕ್ಟರು ಟಾರ್ಚ್ ಹಾಕಿ ನೋಡಿದರು.

"ಮೇಷ್ಟ್ರೇ, ಕೊನೇ ಹಲ್ಲು ಎರಡೂ ಬದಿ ಅಡ್ಡ ಮಲಗಿದಾವೆ. ಎಡಗಡೇದು ಪಕ್ಕದ ಹಲ್ಲನ್ನ ಒದೀತಿದೆ. ವಸಡು ಕೊಯ್ದು ತೆಗೀಬೇಕು, ನನ್ನ ಕೈಲಿ ಆಗೋದಲ್ಲ. ಸಾಗರಕ್ಕಾದ್ರೂ ಹೋಗಿ, ತೀರ್ಥಹಳ್ಳಿಗಾದ್ರೂ ಹೋಗಿ."

ಇಂಥ ಕ್ರೂರವಾದ ಮಾತನ್ನು ಯಾವ ವೈದ್ಯನೂ ಯಾವ ರೋಗಿಗೂ ಹೇಳಬಾರದು! ಹೊಸನಗರದಿಂದ ಒಂದು ಕಡೆ ಸಾಗರ. ಅಲ್ಲಿ ನನ್ನ ಅಕ್ಕ. ಇನ್ನೊಂದು ಕಡೆ ತೀರ್ಥಹಳ್ಳಿ. ಅಲ್ಲಿ ನನ್ನ ಮಾವನ ಮನೆ. ಔಷಧಿ ಮಾಡಿಸಿಕೊಂಡ ಊರಿನಲ್ಲಿ ನೆಂಟರಿದ್ದರೆ, ಅವರ ಮನೆಯಲ್ಲಿ ಮಲಗಿ ಅವರ ಕೈಯ ಗಂಜಿ ಕುಡಿಯಲೇಬೇಕು. ಅದು ನೆಂಟರ ಹಕ್ಕು. ಹಿಂದಿನ ವರ್ಷ ಮಗಳ ಗಂಟಲಿನ ಗಡ್ಡೆಯನ್ನು ತೀರ್ಥಹಳ್ಳಿಯಲ್ಲಿ ತೆಗೆಸಿದ್ದಕ್ಕೆ ಅಕ್ಕ ದೀಪಾವಳಿಯವರೆಗೆ ನನ್ನ ಜೊತೆ ಮಾತು ಬಿಟ್ಟಿದ್ದಳು. ಈ ಸಲವೂ ತಪ್ಪಿಸಿದರೆ ಅವಳ ಮನೆಯ ಬಾಗಿಲು ನನಗೆ ಮುಚ್ಚಿದಂತೆಯೇ.

"ಹಂಗಾದ್ರೆ ಸಾಗರಕ್ಕೇ ಹೋಗಿ," ಅಂದಳು ಹೆಂಡತಿ ಸುಶೀಲ. "ನಮ್ಮಪ್ಪನ ಮನೇಲಿ ಗಂಜಿಗೂ ಅಕ್ಕಿ ಇಲ್ಲ ಅಂತ ಊರವರು ತಿಳ್ಕೊಳ್ಳಲಿ!"

ನಾನು ರಾತ್ರಿಯಿಡೀ ಯೋಚಿಸಿ, ಬೆಳಿಗ್ಗೆ ತೀರ್ಪು ಕೊಟ್ಟೆ.

"ಎಡಗಡೇದು ಸಾಗರಕ್ಕೆ. ಬಲಗಡೇದು ತೀರ್ಥಹಳ್ಳಿಗೆ."

ಸುಶೀಲ ಕಾಫಿ ಲೋಟ ಕೆಳಗಿಟ್ಟಳು. "ಹಲ್ಲನ್ನೂ ಹಿಸ್ಸೆ ಮಾಡ್ತೀರಾ?"

"ಯಾರಿಗೂ ಅನ್ಯಾಯ ಆಗಬಾರದು!"

ನನ್ನ ನ್ಯಾಯಬುದ್ಧಿಯ ಬಗ್ಗೆ ನನಗೇ ಗೌರವ ಮೂಡಿತು. ಬಸ್ಸಿನ ಕಂಡಕ್ಟರುಗಳ ಕೈಯಲ್ಲಿ ಎರಡೂ ಊರಿಗೆ ಸುದ್ದಿ ಕಳಿಸಿದೆ.

ಮೊದಲು ಸಾಗರ. ಅಣೆಕಟ್ಟಿನ ಕೆಲಸ ನಡೆಯುತ್ತಿದ್ದ ಕಾಲ. ಪೇಟೆಗೆ ದಿನವೂ ಹೊಸ ಮುಖಗಳು ಬರುತ್ತಿದ್ದವು. ಹಲ್ಲಿನ ಡಾಕ್ಟರೂ ಹಾಗೆ ಬಂದವರೇ. ಅವರ ಬಳಿ ಹೊಲಿಗೆ ಮೆಷಿನ್ನಿನ ಹಾಗೆ ಕಾಲಲ್ಲಿ ತುಳಿಯುವ ಒಂದು ಯಂತ್ರವಿತ್ತು. ಅದನ್ನು ನೋಡಿಯೇ ನನ್ನ ಅರ್ಧ ನೋವು ಹೋಯಿತು. ಉಳಿದರ್ಧಕ್ಕಾಗಿ ಕುರ್ಚಿಯಲ್ಲಿ ಕುಳಿತೆ.

"ಬಲಗಡೇದನ್ನೂ ಇವತ್ತೇ ನೋಡಿಬಿಡ್ಲಾ?" ಅಂದರು.

"ಬೇಡಿ ಡಾಕ್ಟ್ರೇ. ಅದು ಹೆಂಡತಿ ಮನೆಯವರದ್ದು."

ಅವರು ಸೂಜಿಯನ್ನು ಕೆಳಗಿಟ್ಟು, ಜ್ವರವಿದೆಯೇ ಎಂದು ನನ್ನ ಹಣೆ ಮುಟ್ಟಿ ನೋಡಿದರು.

ಹಲ್ಲು ತುಂಡುತುಂಡಾಗಿ ಹೊರಬಂತು. ಕೆನ್ನೆ ಹಲಸಿನಕಾಯಿಯಾಯಿತು. ಅಕ್ಕನಿಗೆ ಮಾತ್ರ ಪರಮಾನಂದ! "ಕುಡಿ ತಮ್ಮಾ, ಒಡಹುಟ್ಟಿದೋಳ ಕೈ ಗಂಜಿ," ಎಂದು ಹೊತ್ತುಹೊತ್ತಿಗೆ ಬಟ್ಟಲು ತಂದಿಟ್ಟಳು. ನನ್ನ ಊದಿದ ಮುಖವನ್ನು ಕೇರಿಯವರೆಲ್ಲ ಬಂದು ನೋಡಿ ಹೋದರು. ಹಿಸ್ಸೆಯ ಅರ್ಧಭಾಗ ಸುಸೂತ್ರವಾಗಿ ಮುಗಿಯಿತು.

ಗಾಯ ಮಾಗಿದ ಮೇಲೆ ಸುಶೀಲಳೊಂದಿಗೆ ತೀರ್ಥಹಳ್ಳಿಗೆ ಹೋದೆ. ಅವಳನ್ನು ತವರಿಗೆ ಕಳಿಸಿ, ನಾನೊಬ್ಬನೇ ಡಾಕ್ಟರ ಬಳಿ ನಡೆದೆ. ಅಲ್ಲಿಯ ಹಲ್ಲಿನ ಡಾಕ್ಟರು ಆಗುಂಬೆ ಘಾಟಿಯ ಕೆಳಗಿನವರು. ಬಲಗಡೆಯನ್ನು ಒತ್ತಿ, ತಟ್ಟಿ, ಕುಟ್ಟಿ ನೋಡಿದರು.

"ನೋವುಂಟಾ?"

"ಇಲ್ಲ. ಬರಬಹುದು ಅಂತ ಭಯ ಉಂಟು."

"ಇದು ಎಲುಬಿನ ಒಳಗೆ ಸುಮ್ಮನೆ ಮಲಗಿದೆ ಮಾರಾಯ್ರೆ. ಮಲಗಿದ್ದನ್ನು ಎಂತಕ್ಕೆ ಎಬ್ಬಿಸುವುದು?"

ನಾನು ಅವರ ಕೈ ಹಿಡಿದುಕೊಂಡೆ. "ಹಂಗನ್ನಬೇಡಿ ಡಾಕ್ಟ್ರೇ! ಅತ್ತೆ ಗಂಜಿ ಬೇಯಿಸಿಟ್ಟಿದಾರೆ!"

"ಗಂಜಿ ಕುಡೀರಿ. ಅದಕ್ಕೆ ಹಲ್ಲು ತೆಗೀಬೇಕಂತ ಇಲ್ಲ."

"ಮಾನದ ಪ್ರಶ್ನೆ ಡಾಕ್ಟ್ರೇ. ಇದು ಬೇಡ ಅಂದ್ರೆ ಬೇರೆ ಯಾವುದಾದ್ರೂ ತೆಗೀರಿ. ನಿಮಗೆ ಯಾವುದು ಅನುಕೂಲವೋ ಅದು!"

ಅವರು ಎದ್ದುನಿಂತು ನನಗೆ ಬಾಗಿಲು ತೋರಿಸಿದರು.

ಮಾವನ ಮನೆಯ ಜಗಲಿಯಲ್ಲಿ ಆಗಲೇ ನೆಂಟರು ಸೇರಿದ್ದಾರೆಂದು ನನಗೆ ಗೊತ್ತಿತ್ತು. ಸಾಗರಕ್ಕೆ ಒಂದು ಹಲ್ಲು ಕೊಟ್ಟು, ತೀರ್ಥಹಳ್ಳಿಗೆ ಬರಿಗೈಯಲ್ಲಿ, ಅಲ್ಲ, ತುಂಬಿದ ಬಾಯಲ್ಲಿ ಹೋಗುವುದು ಹೇಗೆ? ಔಷಧಿ ಅಂಗಡಿಗೆ ನುಗ್ಗಿ ಹತ್ತಿ ಕೊಂಡೆ. ಉಂಡೆ ಮಾಡಿ ಬಲಗಡೆಯ ಹಲ್ಲುಗಳ ನಡುವೆ ಕಚ್ಚಿಕೊಂಡು, ನರಳುತ್ತ ಮನೆಯ ಮೆಟ್ಟಿಲು ಹತ್ತಿದೆ.

ಅತ್ತೆ ನನ್ನ ಗಲ್ಲ ಎತ್ತಿ ನೋಡಿದರು. "ಅಯ್ಯೋ, ಬಾವೇ ಇಲ್ಲ ಕಣ್ರೇ! ಸಾಗರದೋರು ಅಳಿಯಂದ್ರ ಮುಖಾನ ಹಲಸಿನಕಾಯಿ ಮಾಡಿ ಕಳ್ಸಿದ್ರಂತೆ. ನಮ್ಮೂರ ಡಾಕ್ಟ್ರ ಕೈಗುಣ ನೋಡಿ!"

ಜಗಲಿಯಲ್ಲಿ ತೀರ್ಥಹಳ್ಳಿಯ ಕೀರ್ತಿ ಮುಗಿಲು ಮುಟ್ಟಿತು. ರೋಗಿಯನ್ನು ನೋಡಲು ಬಂದವರಿಗೆಲ್ಲ ಕಡುಬು, ಕೋಳಿ ಸಾರು. ರೋಗಿಗೆ ಗಂಜಿ! ಸಾರಿನ ಘಮ ಮೂಗಿಗೆ ಬಡಿಯುತ್ತಿದ್ದರೆ, ಯಾವ ಊನವೂ ಇಲ್ಲದ ನನ್ನ ಹಲ್ಲುಗಳೆಲ್ಲ ಬಾಯಲ್ಲಿ ಚಡಪಡಿಸಿದವು.

ಸುಶೀಲ ಬಟ್ಟಲು ಒಯ್ಯುವ ನೆಪದಲ್ಲಿ ಹತ್ತಿರ ಬಗ್ಗಿದಳು. "ಹತ್ತಿ ಮಲ್ಲಿಗೆ ಹಂಗಿದೆ. ರಕ್ತ ಎಲ್ಲಿ?"

"ನಿಮ್ಮಪ್ಪನ ಮನೆ ಮರ್ಯಾದೆಗೆ..." ಎಂದು ಹತ್ತಿಯ ನಡುವಿನಿಂದ ಪಿಸುಗುಟ್ಟಿದೆ.

"ಹೌದಾ? ಹಂಗಾದ್ರೆ ಇನ್ನೊಂದು ಬಟ್ಟಲು ತರ್ತೀನಿ."

ಇಷ್ಟಕ್ಕೇ ಮುಗಿದಿದ್ದರೆ ನಾನು ಗೆದ್ದಂತೆಯೇ. ಆದರೆ ಊಟ ಮುಗಿಸಿದ ಮಾವ ಎಲೆಯಡಿಕೆ ತಟ್ಟೆಯನ್ನು ದೂರ ಸರಿಸಿ ನನ್ನ ಪಕ್ಕಕ್ಕೆ ಬಂದು ಕೂತರು.

"ಅಳಿಯಂದ್ರೆ, ನಂದೂ ಒಂದು ದವಡೆ ಹಲ್ಲು ಹುಳುಕಾಗಿದೆ. ವರ್ಷಗಟ್ಲೆ ಲವಂಗ ಇಟ್ಕಂಡೇ ಕಾಲ ಹಾಕ್ದೆ. ಕೀಳ್ಸೋಕೆ ಧೈರ್ಯ ಇರ್ಲಿಲ್ಲ. ನಿಮ್ಮನ್ನ ನೋಡಿ ಬಂತು. ನಾಳೆ ನೀವೇ ಕರ್ಕಂಡು ಹೋಗ್ಬೇಕು!"

"ಮ್ಮ್! ಮ್ಮ್!" ಎಂದು ನಾನು ಕೈ ಬೀಸಿ ತಡೆಯಲು ನೋಡಿದೆ.

"ಕಂಡ್ಯೇನೇ?" ಎಂದು ಮಾವ ಅತ್ತೆಯತ್ತ ತಿರುಗಿದರು. "ಹೂಂ ಅಂದ್ರು! ಇಷ್ಟು ನೋವಲ್ಲೂ!"

ಮರುದಿನ ನಾನು ಹತ್ತಿ ಸಮೇತ ಡಾಕ್ಟರ ಕೋಣೆಯ ಮೂಲೆಯಲ್ಲಿ ಗೋಡೆಗೆ ಅಂಟಿ ನಿಂತೆ. ಮಾವನ ಹಲ್ಲು ಸುಲಭಕ್ಕೆ ಬಗ್ಗಲಿಲ್ಲ. ಡಾಕ್ಟರು ಬೆವರಿದರು. ಮಾವ ಕುರ್ಚಿಯ ಕೈ ಹಿಡಿದು ಕುಲದೇವರನ್ನು ಕೂಗಿದರು. ಕೊನೆಗೆ ಹಲ್ಲು ಬಂತು. ಮಾವನ ಬಾಯಿಗೆ ಹತ್ತಿ ತುಂಬಿ ಈ ಕಡೆ ತಿರುಗಿದ ಡಾಕ್ಟರ ಕಣ್ಣಿಗೆ ನಾನು ಬಿದ್ದೆ.

"ನಿಮ್ಮ ಬಾಯಲ್ಲಿ ಎಂತದು ಹತ್ತಿ? ನಾನು ನಿನ್ನೆ ನಿಮ್ಮ ಹಲ್ಲು ಮುಟ್ಟಲೇ ಇಲ್ಲವಲ್ಲ ಮಾರಾಯ್ರೆ!"

ಮಾವ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಕಣ್ಣುಗಳು ಇದ್ದವು. ಅವು ನನ್ನನ್ನು, ಗಾಡಿಯ ಕುದುರೆಯನ್ನು ಹಿಂದಿನಿಂದ ಓಡಿಸಿಕೊಂಡು ಹೋಗುವ ಹಾಗೆ, ಮನೆಯವರೆಗೂ ದಬ್ಬಿಕೊಂಡು ಬಂದವು. ಒಬ್ಬರಿಗೆ ಮಾತಾಡಲು ಆಗದು, ಇನ್ನೊಬ್ಬನಿಗೆ ಧೈರ್ಯ ಸಾಲದು. ಹಾಗಾಗಿ ದಾರಿಯುದ್ದಕ್ಕೂ ಬಹಳ ಶಾಂತಿಯಿತ್ತು.

ಮಾವ ದೊಡ್ಡ ಮನುಷ್ಯರು. ನನ್ನ ಗುಟ್ಟನ್ನು ಯಾರಿಗೂ ಹೇಳಲಿಲ್ಲ. ಮರುದಿನ ಮಧ್ಯಾಹ್ನ ಕುಂಬಳಕಾಯಿಯಂಥ ಕೆನ್ನೆ ಹೊತ್ತು ನನ್ನ ಎದುರಿಗೇ ಗಂಜಿಗೆ ಕೂತರು. ಒಳಗೆ ಕಡುಬು ಬೇಯುತ್ತಿತ್ತು.

ಅತ್ತೆಗೆ ಮರುಕ ಬಂತು. "ಅಳಿಯಂದ್ರಿಗೆ ಬಾವು ಇಲ್ವಲ್ಲ. ಒಂದು ಕಡುಬು ಸಾರಲ್ಲಿ ಮೆತ್ತಗೆ ಹಿಸುಕಿ ಕೊಡ್ಲಾ?"

ನಾನು ಆಸೆಯಿಂದ ತಲೆಯೆತ್ತಿದೆ. ಮಾವ ನಿಧಾನವಾಗಿ ಅಂಗೈ ಅಡ್ಡ ಹಿಡಿದರು. ಊದಿದ ಬಾಯಿಂದ ಒಂದೊಂದೇ ಮಾತು ಹೊರಬಂತು.

"ಅವ್ಸರ ಬ್ಯಾಡ. ನಂಗಿಂತ ಅವ್ರಿಗೆ ನೋವು ಜಾಸ್ತಿ. ವಾಸಿಯಾಗೋವರ್ಗೂ ಇಲ್ಲೇ ಇರ್ಲಿ. ಗಂಜಿ ಹಾಕು."

ಬಾಯಿ ತುಂಬ ಹಲ್ಲಿದ್ದ ನಾನು ಬಟ್ಟಲನ್ನು ಮುಂದೆ ಚಾಚಿದೆ.