ನಂಬರ್ ಒನ್ ಹಾಡು, ಒಂಬತ್ತರ ಸೈರನ್

ಸೈರನ್ ಸಾಹೇಬರ ಕೈಗಡಿಯಾರ ನಿಂತು ಹದಿನಾಲ್ಕು ವಾರವಾಗಿತ್ತು. ರಿಪೇರಿಗೆ ಒಪ್ಪಿದರೆ ತಾನೇ? "ಹೊತ್ತು ತಿಳಿಯೋಕೆ ಹಾಡು ಇದೆಯಲ್ಲ!" ಎನ್ನುತ್ತಿದ್ದರು.

ಅಯ್ಯೋ, ಆ ಹಾಡು! ಸಿನಿಮಾ ಒಂದೇ ವಾರಕ್ಕೆ ಗಂಟುಮೂಟೆ ಕಟ್ಟಿತ್ತು (ಹೀರೋನ ಮನೆಯವರೇ ಪೂರ್ತಿ ನೋಡಲಿಲ್ಲವಂತೆ). ಹಾಡು ಮಾತ್ರ ರೇಡಿಯೋದ 'ಟಾಪ್ ಹತ್ತ'ರಲ್ಲಿ ನಂಬರ್ ಒನ್ ಆಗಿ ಕಾಲಮೇಲೆ ಕಾಲು ಹಾಕಿ ಕೂತಿತ್ತು. ನಂಬರ್ ಒನ್ ಅಂದರೆ ಕೊನೆಗೆ ಬರುವುದು. ದಿನಾ ಬೆಳಿಗ್ಗೆ ಅದು ಮುಗಿದ ಕೂಡಲೇ ಸಾಹೇಬರು ಸೈಕಲ್ ಹತ್ತಿ, ಕಾರ್ಖಾನೆ ಸೇರಿ, ನೇರ ಸೈರನ್ ಗುಂಡಿ ಒತ್ತಿದರೆ ಒಂಬತ್ತು ಗಂಟೆ. ಹನ್ನೊಂದು ವರ್ಷದ ಸೇವೆ, ಒಂದು ದಿನ ತಡವಿಲ್ಲ! ಇವತ್ತು ಮ್ಯಾನೇಜರು ಎಲ್ಲರೆದುರು 'ಸಮಯಪಾಲನಾ ಪ್ರಶಂಸಾಪತ್ರ' ಕೊಡುವವರಿದ್ದರು.

ಆ ಹಾಡಿನ ಕೊಳಲು ಶುರುವಾದರೆ ಸಾಹೇಬರು ಇಹಲೋಕದಲ್ಲಿ ಇರುತ್ತಿರಲಿಲ್ಲ. ಅಡುಗೆಮನೆಯ ಹಬೆ ಮೋಡವಾಗುತ್ತಿತ್ತು, ಒಣಹಾಕಿದ ಬೆಡ್‌ಶೀಟು ದೋಣಿಯ ಹಾಯಿಯಾಗುತ್ತಿತ್ತು, ಕುರ್ಚಿ ನೆಲದಿಂದ ನಾಲ್ಕು ಬೆರಳು ಮೇಲೇಳುತ್ತಿತ್ತು. ಹೆಂಡತಿಯ ಕೂಗು ಆಚೆ ದಡದಿಂದ ತೇಲಿ ಬಂದಂತಿರುತ್ತಿತ್ತು.

ಇವತ್ತೂ ಇಸ್ತ್ರಿ ಅಂಗಿ ತೊಟ್ಟು ಕಣ್ಮುಚ್ಚಿ ಕೂತರು. ಬಂದದ್ದು ಡಬಡಬ ಅನ್ನುವ ಬೇರೆ ಹಾಡು.

"ಇದು ಎರಡನೇದು. ಈಗ ಬರುತ್ತೆ ನೋಡು ನಮ್ದು."

"ರೀ, ಹೊರಡ್ರೀ, ಹೊತ್ತಾಯ್ತು," ಹೆಂಡತಿ.

"ಹಾಡೇ ಬರ್ದೆ ಹೊತ್ತು ಹೇಗೆ ಆಗುತ್ತೆ?"

"ಅದು ಆಗ್ಲೇ ಬಂದೋಯ್ತಲ್ಲೋ," ಅಮ್ಮ ಹೇಳಿದರು. "ಮೂರಕ್ಕೆ ಬಿದ್ದಿದೆ. ನೀನು ಸ್ನಾನಕ್ಕೆ ಹೋಗಿದ್ದೆ."

"ಬೀಳೋದಾ! ಯಾರಮ್ಮ ಬೀಳಿಸ್ತಾರೆ ಅದನ್ನ?"

ಉಪ್ಪು ಹೆಚ್ಚೋ ಕಡಿಮೆಯೋ ಅನ್ನುವುದರಲ್ಲೂ ಒಂದು ದಿನವೂ ಒಮ್ಮತಕ್ಕೆ ಬಾರದ ಅತ್ತೆ-ಸೊಸೆ ಒಟ್ಟಿಗೆ ಕಿಸಕ್ಕೆಂದರು.

"ಓಟು ಫೋನಲ್ಲೇ ತಾನೇ? ಇಡೀ ಬೀದಿ ಹೆಂಗಸ್ರು ಸೇರಿ ಈ ಡಬಡಬಕ್ಕೆ ಹಾಕಿದ್ವಿ. ಕಿವಿ ತೂತಾಗಿತ್ತು ಕಣ್ರೀ!"

"ನಿನ್ನ ಫೋನಿಂದ್ಲೂ ಒಂದು ಒತ್ತಿದೆ ಕಣೋ," ಅಂದರು ಅಮ್ಮ. "ಸುಮ್ನೆ ವೇಸ್ಟ್ ಆಗುತ್ತಲ್ಲ ಅಂತ."

ಸಾಹೇಬರು ಸೈಕಲ್ ಹತ್ತಿ ಬಿದ್ದಂಬೀಳ ಓಡಿಸಿದರು. ಅರ್ಧ ದಾರಿಯಲ್ಲಿ, ಆಹಾ, ಸೈರನ್! ದೂರದಿಂದ ಅದನ್ನು ಕೇಳಿದ್ದು ಜನ್ಮದಲ್ಲೇ ಮೊದಲು. ದುಂಡಗೆ, ಉದ್ದಕ್ಕೆ, ಮಹಡಿಗಳ ಮೇಲೆ ಹಾಸಿಕೊಂಡು ಬಂತು. ಪಾರಿವಾಳಗಳು ಎದ್ದವು. ಸಾಹೇಬರು ಪೆಡಲ್ ಮರೆತು ತೇಲಿದರು. ಎಂಥಾ ನಾದ!... ಅಲ್ಲ, ಒತ್ತಿದ್ದು ಯಾರು?

ಕಾರ್ಖಾನೆ ಅಂಗಳದಲ್ಲಿ ಕಸ ಗುಡಿಸುವ ಅಜ್ಜಿ ನಿಂತಿದ್ದಳು. "ಮ್ಯಾನೇಜರ ಗಡಿಯಾರ ಒಂಬತ್ತು ಹೊಡೀತು, ನೀನು ಬರ್ಲಿಲ್ವಲ್ಲಪ್ಪ, ಗುಂಡಿ ಎತ್ತರ ಬೇರೆ. ಪೊರಕೆ ಹಿಡಿಯಿಂದ ತಿವಿದೆ."

ಮ್ಯಾನೇಜರು ಖುಷಿಯಲ್ಲಿ ಉಬ್ಬಿಹೋಗಿದ್ದರು. "ಏನ್ರೀ, ಎಷ್ಟೋ ವಾರ ಆದ್ಮೇಲೆ ಸೈರನ್ ಸರಿಯಾಗಿ ಒಂಬತ್ತಕ್ಕೆ ಆಗಿದೆ! ದಿನಾ ನಾಲ್ಕು ನಿಮಿಷ ಲೇಟು. ನನ್ನ ಗಡಿಯಾರವೇ ಮುಂದೆ ಓಡ್ತಿದೆ ಅಂದ್ಕೊಂಡು ರಿಪೇರಿಗೆ ಕೊಟ್ಟು ಕೊಟ್ಟು ಸಾಕಾಗಿತ್ತು!"

ಪ್ರಶಂಸಾಪತ್ರದ ಮೇಲಿದ್ದ ಹೆಸರನ್ನು ಅಲ್ಲೇ ಪೆನ್ನಿನಿಂದ ಹೊಡೆದು, ಅಜ್ಜಿಯ ಹೆಸರು ಬರೆದುಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಅಜ್ಜಿ ಅದನ್ನು ತಲೆಕೆಳಗಾಗಿ ಹಿಡಿದು ನೋಡಿ, ಸಾಹೇಬರ ಕೈಗಿಟ್ಟಳು. "ನಂಗೆ ಓದಕ್ಕೆ ಬರಲ್ಲ ಮಗ, ನೀನೇ ಓದು."

ಸಾಹೇಬರು ಗಂಟಲು ಸರಿಮಾಡಿಕೊಂಡು ಶುರುಮಾಡಿದರು. "ಸಮಯಕ್ಕೆ ಇನ್ನೊಂದು ಹೆಸರೇ ಆದ..."

"ಇನ್ನೂ ಜೋರಾಗಿ ಓದಪ್ಪ," ಅಂದಳು ಅಜ್ಜಿ, "ಹಿಂದಿರೋರಿಗೂ ಕೇಳ್ಲಿ."