ಕಿಟಕಿಯಿಂದ ಬಂದ ಮೊಮ್ಮಗು

ನಮ್ಮ ಯಜಮಾನರ ಸೋದರಮಾವನಷ್ಟು ಆಡಿದ ಮಾತು ಉಳಿಸಿಕೊಳ್ಳುವವರು ಸೊರಬ ತಾಲ್ಲೂಕಿನಲ್ಲೇ ಇರಲಿಕ್ಕಿಲ್ಲ. ಅಂಥವರ ಜೊತೆ ಸಂಸಾರ ಮಾಡುವುದು ಎಷ್ಟು ಸುಖ ಅನ್ನುವುದನ್ನು ಅವರ ಹೆಂಡತಿ, ನಮ್ಮ ಅತ್ತೆಯನ್ನೇ ಕೇಳಬೇಕು.

ಒಬ್ಬಳೇ ಮಗಳು ತನ್ನಿಷ್ಟದಂತೆ ಮದುವೆಯಾಗಿ ಪುಣೆ ಸೇರಿದ ದಿನ ಮಾವ, "ಅವಳ ಒಂದು ಕಾಗದಾನೂ ಈ ಹೊಸ್ತಿಲು ದಾಟ್‌ಬಾರ್ದು" ಅಂದಿದ್ದರು. ಆಮೇಲೆ ಅವಳಿಗೆ ಮಗುವಾಯಿತು. ಅದೇ ವರ್ಷ ಅತ್ತೆಯ ಕಣ್ಣು ಪರೀಕ್ಷಿಸಿದ ಡಾಕ್ಟರು, ಆಪರೇಷನ್ನಿನಿಂದಲೂ ಪ್ರಯೋಜನವಿಲ್ಲ, ನೋಡುವುದೇನಿದ್ದರೂ ಬೇಗ ನೋಡಿಕೊಳ್ಳಲಿ ಅಂದರು. ಅತ್ತೆ ಹೆಚ್ಚೇನೂ ಕೇಳಲಿಲ್ಲ. "ಮೊಮ್ಮಗೂದು ಒಂದು ಫೋಟೋ" ಅಂದರು, ಅಷ್ಟೇ.

ಮಾವ ಏನು ಮಾಡಿದರು ಗೊತ್ತೇ? ಶಿವಮೊಗ್ಗಕ್ಕೆ ಹೋಗಿ ಕಂಪ್ಯೂಟರು, ಅದಕ್ಕೆ ಫೋನಿನ ತಂತಿ ಜೋಡಿಸುವ ಮೋಡೆಮ್ಮು ಹೊತ್ತು ತಂದರು!

"ಹೊಸ್ತಿಲು ದಾಟ್‌ಬಾರ್ದು ಅಂದಿದ್ದೆ. ಫೋನಿನ ತಂತಿ ಕಿಟಕೀಲಿ ಬರ್ತದೆ."

"ಅದರ ಬದಲು ಫೋಟೋನ ಶಿಕಾರಿಪುರಕ್ಕೆ, ನಮ್ಮನೆಗೇ ತರಿಸ್ತೀನಿ ಮಾವ. ನಾನು ತಂದ್ಕೊಡ್ತೀನಿ," ಅಂದೆ ನಾನು.

"ನೀನೇನು ಕಿಟಕಿ ಹಾರಿ ಬರ್ತೀಯಾ?"

ಕಾನ್ವೆಂಟಿನಲ್ಲಿ ಓದಿದ ತಪ್ಪಿಗೆ, ಪರದೆಯ ಮೇಲಿನ ಇಂಗ್ಲಿಷು ಓದಿ ಹೇಳಲು ಶನಿವಾರ ಬಂತೆಂದರೆ ನಾನು ಸೊರಬದ ಬಸ್ಸು ಹತ್ತುತ್ತಿದ್ದೆ. ಮಗಳಿಗೆ ವಿಷಯ ತಿಳಿಸಿದವಳೂ ನಾನೇ. ಅವಳು ಈಮೇಲಿನಲ್ಲಿ ಫೋಟೋ ಕಳಿಸಿದಳು. ಅದು ಮಡಿಕೆ ಬಿಚ್ಚಿದ ಸೀರೆಯಂತೆ ಮೇಲಿನಿಂದ ಪಟ್ಟಿ ಪಟ್ಟಿಯಾಗಿ ಇಳಿಯುತ್ತಿತ್ತು. ಮೊದಲ ವಾರ ಕುಲಾವಿ ಕಂಡಿತು, ಲೈನು ಕಡಿಯಿತು. ಮುಂದಿನ ವಾರ ಹಣೆಯವರೆಗೆ ಬಂದು ಕಡಿಯಿತು.

ಮೋಡೆಮ್ಮಿನ ಸೆಟ್ಟಿಂಗಿನಲ್ಲಿ ಬಫರ್ ಅಂತ ಒಂದಿತ್ತು. ತಂತಿಯಲ್ಲಿ ಬಂದದ್ದನ್ನು ಕಂಪ್ಯೂಟರು ಎತ್ತಿಕೊಳ್ಳುವವರೆಗೆ ಹಿಡಿದಿಡುವ ಜಾಗ ಅದು. ಮಾವನ ಪ್ರಕಾರ ಸೀಮೆಎಣ್ಣೆ ಸುರಿಯುವ ಲಾಳಿಕೆ. "ಜಾಸ್ತಿ ಹೊಯ್ದರೆ ಚೆಲ್ತದೆ, ಹನಿಹನಿ ಬಿಟ್ರೆ ಬಾಟ್ಲಿ ತುಂಬಲ್ಲ. ಏನು ಬರ್ದಿದಾನೆ ಓದು."

"ತೊಂದರೆ ಇದ್ರೆ ಕಡಿಮೆ ಮಾಡಿ, ವೇಗ ಬೇಕಿದ್ರೆ ಜಾಸ್ತಿ ಮಾಡಿ ಅಂತಿದೆ."

"ತೊಂದ್ರೇನೂ ಇದ್ದು ವೇಗಾನೂ ಬೇಕಾದೋರು?"

ಅದನ್ನು ಬರೆದಿರಲಿಲ್ಲ.

ಪಂಪ್‌ಸೆಟ್ಟಿನ ನಟ್ಟು ತಿರುಗಿಸಿ ಒರಟಾದ ಕೈಯಲ್ಲಿ ಮಾವ ಉಸಿರು ಬಿಗಿಹಿಡಿದು ಆ ಬಫರಿನ ಗುಂಡಿಯನ್ನು ಮೌಸಿನಿಂದ ಒಂದೊಂದೇ ಗೆರೆ ಜರುಗಿಸುತ್ತಿದ್ದರು. ಪ್ರತಿ ಸಲವೂ ಕಂಪ್ಯೂಟರನ್ನು ಆರಿಸಿ ಹಚ್ಚಬೇಕು. ಮೋಡೆಮ್ಮು ಕಿರುಗುಟ್ಟುವಾಗ ಮನೆಯಲ್ಲಿ ಮಿಕ್ಸಿ ತಿರುಗಿಸುವಂತಿಲ್ಲ, ಕೆಮ್ಮುವಂತಿಲ್ಲ. ಒಮ್ಮೆ ಲೈನು ಕಡಿದದ್ದು ನಾನು ಸೀನಿದ್ದಕ್ಕೇ ಎಂದು ಮಾವ ಇವತ್ತಿಗೂ ನಂಬಿದ್ದಾರೆ.

ಅತ್ತೆ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದರು. ಮೊದಮೊದಲು ಕುರ್ಚಿ ಗೋಡೆಯ ಪಕ್ಕದಲ್ಲಿತ್ತು. ಬರಬರುತ್ತ ಪರದೆಗೆ ಮೂಗು ತಾಗುವಷ್ಟು ಹತ್ತಿರವಾಯಿತು. ಒಂದು ಶನಿವಾರ ಹೋಗಿ ನೋಡಿದರೆ ಮತ್ತೆ ಗೋಡೆಯ ಪಕ್ಕಕ್ಕೇ ಸರಿದಿತ್ತು. ಯಾಕೆಂದು ನಾನು ಕೇಳಲಿಲ್ಲ.

ಅವತ್ತೇ ಲೈನು ಕಡಿಯಲಿಲ್ಲ. ಕುಲಾವಿ, ಹಣೆ, ಹುಬ್ಬು, ಮೂಗು ಒಂದೊಂದಾಗಿ ಇಳಿದವು.

"ಬಂತೇನ್ರೀ?" ಅತ್ತೆ ಗೋಡೆಯ ಕಡೆಯಿಂದ ಕೇಳಿದರು.

"ಬಂತು ಕಣೇ. ಮೂಗು ನಿಂದೇ. ಗಲ್ಲದಲ್ಲಿ ಗುಳಿ ಬೇರೆ."

"ಎತ್ಕೊಂಡಿರೋದು ಯಾರು?"

ಮಗುವನ್ನು ಮೇಲೆತ್ತಿ ಹಿಡಿದ ಕೈಗಳು ಇಳಿದವು. ಮೊಣಕೈವರೆಗೆ ಜಾರಿದ ಬಳೆಗಳು. ಕಡೆಗೆ ಮುಖ. ಮಾವ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ನಮ್ಮ ಹುಡುಗೀನೇ. ಬಹಳ ಸೊರಗಿದಾಳೆ."

ಮಾವ ಕೀಬೋರ್ಡನ್ನು ನನ್ನ ಕಡೆ ತಳ್ಳಿದರು.

"ಬಾ ಅನ್ನೋಕೆ ಇಂಗ್ಲಿಷಲ್ಲಿ ಎಷ್ಟು ಅಕ್ಷರ?"

"ನಾಲ್ಕು, ಮಾವ."

"ನಾಲ್ಕೇ ತಾನೆ? ನಮ್ಮ ಲೈನಲ್ಲೂ ಹೋಗ್ತದೆ. ಹೊಡಿ."